ಮನೆ ಹಾಳಾಗಲೆಂದು ಹರಸಿದ್ದು

ನನಗೆ ದೆವ್ವದ ಭಯವಿಲ್ಲ, ಹಾವಿನ ಭಯವೂ ಅಷ್ಟಾಗಿ ಇಲ್ಲ. ನಾನು ಹೆದರುವುದು ನನ್ನ ನಾಲಿಗೆಗೆ. ಅದು ಅಮ್ಮನಿಂದ ಬಂದ ಆಸ್ತಿ. ಪಂಚನಹಳ್ಳಿಯ ಆ ಮಹಾತಾಯಿ ಹಾಲು ಕುಡಿದ ಬೆಕ್ಕಿಗೂ, ತಡವಾಗಿ ಬಂದ ಬಸ್ಸಿಗೂ, ಮುದ್ದು ಉಕ್ಕಿದರೆ ನನಗೂ ‘ನಿನ್ ಮನೆ ಹಾಳಾಗ’ ಎನ್ನುತ್ತಿದ್ದಳು. ಅಜ್ಜಂಪುರದಲ್ಲಿ ಕನ್ನಡ ಮೇಷ್ಟ್ರಾಗಿ ಇಷ್ಟು ವರ್ಷ ಶುದ್ಧ ಭಾಷೆ ಕಲಿಸಿದರೂ ಆ ಮಾತು ನನ್ನೊಳಗಿಂದ ತೊಲಗಿರಲಿಲ್ಲ.

ನಮ್ಮ ಮಹಡಿಗೆ ಬಾಡಿಗೆಗೆ ಬಂದವಳು ಯಾನ್‌ಬೆನಿ. ನಾಗಾಲ್ಯಾಂಡಿನ ಲೋಥಾ ಬುಡಕಟ್ಟಿನ ಹುಡುಗಿ, ತರೀಕೆರೆಯ ಆಸ್ಪತ್ರೆಯೊಂದರಲ್ಲಿ ನರ್ಸ್. ರಜೆಯ ದಿನ ಅಡುಗೆ ಮಾಡಿ ವಿಡಿಯೊ ಹಾಕುತ್ತಾಳೆ. ಅವಳ ಸೀಮೆಯವರು ಸಾವಿರಗಟ್ಟಲೆ ಜನ ನೋಡುತ್ತಾರೆ. ಒಂದು ಭಾನುವಾರ ಕಳಲೆ ಪಲ್ಯದ ಜೊತೆ ಅವರ ಕಡೆಯ ರಾಜಾ ಮೆಣಸಿನಕಾಯಿ ಚಟ್ನಿ ಅರೆದು, ಕ್ಯಾಮೆರಾ ಮುಂದೆ ರುಚಿ ನೋಡಲು ನನ್ನನ್ನು ಕರೆದಳು. ಖಾರ ತಿಂದೇ ಬೆಳೆದವನೆಂಬ ಜಂಬದಲ್ಲಿ ಒಂದು ಉಂಡೆಯಷ್ಟು ಬಾಯಿಗಿಟ್ಟೆ. ಕಿವಿಯಲ್ಲಿ ರೈಲು ಕೂಗಿತು. ಕಣ್ಣು, ಮೂಗು ಒಟ್ಟಿಗೇ ಸುರಿದವು. ಎರಡೂ ಕೈ ಮೇಲೆತ್ತಿ ಅಮ್ಮನ ಮಾತನ್ನು ಆಡಿಯೇಬಿಟ್ಟೆ.

“ಏನು ಅರ್ಥ, ಅಂಕಲ್?” ಎಂದಳು ಹುಡುಗಿ.

“ಅದು... ಆಶೀರ್ವಾದ ಕಣಮ್ಮ. ಮನೆಗೆ ಒಳ್ಳೇದಾಗ್ಲಿ ಅಂತ.”

ವಾರದೊಳಗೆ ಆ ಆಶೀರ್ವಾದ ಬೆಟ್ಟಗಳನ್ನೆಲ್ಲ ಹತ್ತಿತು. ಅವಳ ಅಭಿಮಾನಿಗಳು ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಒಬ್ಬರಿಗೊಬ್ಬರು ಹಾರೈಸತೊಡಗಿದರು. ಒಂದು ಫುಟ್‌ಬಾಲ್ ತಂಡ ಅಂಗಿಯ ಮೇಲೇ ಅಚ್ಚು ಹಾಕಿಸಿತು. ನನಗೋ ಒಂದೇ ದಿಗಿಲು. ಕಡೂರಿನ ಕಡೆಯ ಎಷ್ಟು ಹುಡುಗರು ಸೈನ್ಯ ಸೇರಿ ಆ ಕಡೆ ಇಲ್ಲ! ಯಾವನಾದರೂ ಒಬ್ಬ ಅರ್ಥ ಬಿಡಿಸಿ ಹೇಳಿದರೆ ನನ್ನ ಗತಿ?

ಅಷ್ಟರಲ್ಲಿ ಯಾನ್‌ಬೆನಿಯ ಅಪ್ಪ ಅಮ್ಮ ಊರಲ್ಲಿ ಹೊಸ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಅವಳು ನಮ್ಮ ಮನೆಯಿಂದಲೇ ವಿಡಿಯೊ ಕಾಲ್ ಮಾಡಿದಳು. ಪಾದ್ರಿಗಳ ಪ್ರಾರ್ಥನೆ ಮುಗಿಯಿತು. ಮುಂದಿನ ಸರದಿ ‘ಅಂಕಲ್’ನದು. “ನಿಮ್ಮ ಮನೆ ಬೆಳಗಲಿ, ನೂರು ಕಾಲ ಬಾಳಲಿ” ಎಂದು ಒಪ್ಪವಾಗಿ ಹೇಳಿದೆ. ಆ ಕಡೆ ಎಲ್ಲರ ಮುಖ ಬಾಡಿತು. ಅವಳ ಅಮ್ಮ ಏನೋ ಮೆಲ್ಲಗೆ ಅಂದರು.

“ಅಮ್ಮಂಗೆ ಬೇಜಾರು, ಅಂಕಲ್. ಎಲ್ಲರಿಗೂ ಹೇಳಿದ್ದು ನಮಗೆ ಯಾಕೆ ಹೇಳಿಲ್ಲ ಅಂತಾರೆ” ಎಂದಳು ಯಾನ್‌ಬೆನಿ.

ಹಿಂದೆ ನಿಂತಿದ್ದ ನನ್ನ ಹೆಂಡತಿ ಸರೋಜ ಪಿಸುಗುಟ್ಟಿದಳು: “ಆ ತಾಯಿ ಕಣ್ಣಲ್ಲಿ ನೀರು ನೋಡ್ರೀ. ಅಂದ್ಬಿಡಿ ಅತ್ಲಾಗೆ. ನಿಮ್ ಮಾತು ಮನೇಲಿ ನಾನೇ ಕೇಳಲ್ಲ, ಇನ್ನು ದೇವ್ರು ಕೇಳ್ತಾನಾ?”

ಕಣ್ಣು ಮುಚ್ಚಿ, ಕೈ ಮುಗಿದು, ಅಂದೆ. ಚಪ್ಪಾಳೆಯೋ ಚಪ್ಪಾಳೆ. ಕೊನೆಗೆ ಪಾದ್ರಿಗಳು ಗಂಭೀರವಾಗಿ “ಆಮೆನ್” ಎಂದಾಗ ನನ್ನ ಎದೆ ಧಸಕ್ಕೆಂದಿತು. ಅಂದರೆ ಮಾತು ಮೇಲಕ್ಕೆ ಹೋಗಿ ಮುಟ್ಟಿತು!

ಅಂದಿನಿಂದ ಅವಳ ಅಮ್ಮ ಆ ಮನೆಯಲ್ಲಿ ಅಡುಗೆ ಮಾಡಿ ಹಾಕುವ ಒಂದು ವಿಡಿಯೊವನ್ನೂ ನಾನು ಬಿಟ್ಟಿಲ್ಲ. ಎಲ್ಲರೂ ಅಡುಗೆ ನೋಡಿದರೆ ನಾನು ಹಿಂದಿನ ಗೋಡೆಯಲ್ಲಿ ಬಿರುಕು ಹುಡುಕುತ್ತೇನೆ. ದಿನವೂ “ಅಮ್ಮನ ಮನೆ ಹೇಗಿದೆಯಮ್ಮ?” ಎಂದು ವಿಚಾರಿಸುತ್ತೇನೆ. ಇಂಥ ನಿಷ್ಠೆಯನ್ನು ಅವಳ ಅಭಿಮಾನಿಗಳು ಎಲ್ಲೂ ಕಂಡಿಲ್ಲವಂತೆ. ಮೊನ್ನೆ ಅಭಿಮಾನಿ ಬಳಗಕ್ಕೆ ನನ್ನನ್ನೇ ಅಧ್ಯಕ್ಷನನ್ನಾಗಿ ಆರಿಸಿದ್ದಾರೆ. ಅಲ್ಲಿ ಮೋಡ ಕವಿದರೆ ಸಾಕು, ಇಲ್ಲಿ ಅಧ್ಯಕ್ಷರಿಗೆ ಊಟ ಸೇರುವುದಿಲ್ಲ.