ನಾಲ್ಕಕ್ಷರದ ಸಹಿ

ದಾವಣಗೆರೆಯಲ್ಲಿ ಗಾಯಾಳುಗಳಿಂದ ಬಿಟ್ಟಿ ಕೆಲಸ ಮಾಡಿಸಿ, ಅದಕ್ಕೆ ಲೈಸೆನ್ಸನ್ನೂ ಪಡೆದ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಮನೆಯವರು ಮಾತ್ರ! ಅವರು ಹೋಗಿ ಎಂಟು ತಿಂಗಳಾಯಿತು. ಈಗ ಮನೆಗೆಲಸವೆಲ್ಲ ನಾನೊಬ್ಬಳೇ ಮಾಡಿಕೊಳ್ಳುತ್ತೇನೆ. ಇರುವುದೊಂದು ತಟ್ಟೆ, ಒಂದು ಲೋಟ, ಅದೇನು ದೊಡ್ಡ ಕೆಲಸವಲ್ಲ. ಆದರೆ ಆಗ ನಮ್ಮ ಪಡಸಾಲೆಯಲ್ಲಿ ಶೇಂಗಾ ಸುಲಿಯಲು ಒಬ್ಬ, ಹೂವು ಕಟ್ಟಲು ಒಬ್ಬ, ರೊಟ್ಟಿ ತಟ್ಟಲು ಹುರಿಮೀಸೆಯ ಗಂಡಸರು ಇಬ್ಬರು ಸದಾ ಇರುತ್ತಿದ್ದರು. ಯಾವ ಸಾಹುಕಾರನ ಹೆಂಡತಿಗೆ ಇಂಥ ಭಾಗ್ಯವಿತ್ತು, ಹೇಳಿ?

ಅವರೆಲ್ಲ ಮಿಲ್ಲಿನ ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡವರು. ಆಸ್ಪತ್ರೆಯಲ್ಲಿ ಮೂಳೆ ಕೂಡಿಸಿ, ಪಟ್ಟಿ ಬಿಚ್ಚಿ ಕಳಿಸುತ್ತಿದ್ದರು. ಬೆರಳುಗಳು ಮಾತ್ರ ಕಟ್ಟಿಗೆಯ ಹಾಗೆ ಸೆಟೆದುಕೊಂಡೇ ಇರುತ್ತಿದ್ದವು. ನಮ್ಮ ಮನೆಯವರು ಯುದ್ಧದ ಕಾಲದಲ್ಲಿ ಬೆಂಗಳೂರಿನ ಸೋಲ್ಜರುಗಳ ಆಸ್ಪತ್ರೆಯಲ್ಲಿ ಆಳಾಗಿದ್ದರು. ಕೈ ಕೆಟ್ಟ ಸೋಲ್ಜರುಗಳಿಂದ ಅಲ್ಲಿನ ದೊರೆಸಾನಿಯರು ಬುಟ್ಟಿ ಹೆಣೆಸಿ, ಮಗ್ಗ ನೇಯಿಸಿ ಕೈ ತಿರುಗುವಂತೆ ಮಾಡುತ್ತಿದ್ದರಂತೆ. ಅದನ್ನು ನೋಡಿ ನೋಡಿ ಇವರು ಕಲಿತು ಬಂದರು. ಔಷಧವಿಲ್ಲ, ಎಣ್ಣೆಯಿಲ್ಲ, ಮಂತ್ರವಿಲ್ಲ. ಬರೀ ಕೆಲಸ!

ಹೆಬ್ಬೆರಳು ತೋರುಬೆರಳು ಕೂಡದವರಿಗೆ ಮಂಡಕ್ಕಿ. ಒಂದು ಸೇರು ಮಂಡಕ್ಕಿಯನ್ನು ಒಂದೊಂದೇ ಕಾಳು ಹೆಕ್ಕಿ ತಿನ್ನಬೇಕು. ಕುಕ್ಕುವಾಡದಿಂದ ಬಂದ ಒಬ್ಬ ಆಜಾನುಬಾಹು ಮೊದಲ ದಿನವೇ ನನ್ನ ಹತ್ತಿರ ದೂರು ತಂದ.

“ಅಕ್ಕಾರೆ, ಒಂದೊಂದೇ ತಿನ್ನು ಅಂದ್ರೆ ಹೆಂಗ್ರಿ? ತಿಂತಾ ತಿಂತಾನೇ ಹಸಿವಾಗಿ ಸಾಯ್ತೀನಿ!”

ಒಳಗಿನಿಂದ ಇವರ ದನಿ ಬಂತು: “ಸಾಯಲ್ಲ, ತಿನ್ನು. ಅಂಗಿ ಗುಂಡಿ ನೀನೇ ಹಾಕ್ಕೊಂಡ ದಿನ ಮಿರ್ಚಿ ಐತೆ.”

ಅವನ ಹೆಂಡತಿ ಕನಿಕರದಿಂದ ಕಾಳು ಹೆಕ್ಕಿ ಬಾಯಿಗಿಡಲು ಹೋದರೆ ಇವರು ಆಕೆಯನ್ನೂ ಗದರಿದರು. ಎಂಥ ಕಟುಕ, ಎಂದುಕೊಂಡೆ. ಒಂದೂವರೆ ತಿಂಗಳಾದ ಮೇಲೆ ಆ ಮನುಷ್ಯ ಐದೂ ಗುಂಡಿ ಹಾಕಿಕೊಂಡು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತ. ನಾನು ಮಿರ್ಚಿಗೆ ಬಾಣಲೆ ಇಟ್ಟೆ.

ಇಷ್ಟೆಲ್ಲ ಸರಿ, ಕಾಗದ ಎಲ್ಲಿ? ಪರಿಚಯದ ಡಾಕ್ಟರೊಬ್ಬರು ಒಮ್ಮೆ ಎಚ್ಚರಿಸಿದರು: “ನಿಮ್ಮ ಕೆಲಸ ಒಳ್ಳೇದೇ. ಆದ್ರೆ ಯಾರಾದ್ರೂ ಅರ್ಜಿ ಹಾಕಿದ್ರೆ ಬಾಗಿಲು ಮುಚ್ಚಿಸ್ತಾರೆ. ಬೊಂಬಾಯಿಯಲ್ಲಿ ಈಗ ಇದನ್ನೇ ಓದಿಸ್ತಾರಂತೆ, ಬರೆದು ಕೇಳಿ.” ಬರೆಸಿದ್ದಾಯಿತು. ಯಾವ ಪರೀಕ್ಷೆ ಪಾಸು ಮಾಡಿದ್ದೀರಿ ಎಂದು ಉತ್ತರ ಬಂತು. ಇವರದು ನಾಲ್ಕನೇ ಕ್ಲಾಸು. ಆ ಕಾಗದವನ್ನು ಮಡಿಸಿ ಟ್ರಂಕಿನಲ್ಲಿಟ್ಟರು. ಅವತ್ತು ಊಟಕ್ಕೆ ಏಳಲಿಲ್ಲ.

ಮರುದಿನ ಊರಿನ ಲೈಸೆನ್ಸ್ ಆಫೀಸಿಗೆ ಹೋದರು. ಅಲ್ಲಿನ ಗುಮಾಸ್ತರು ಕನ್ನಡಕ ಏರಿಸಿ ಕಸುಬುಗಳ ಪಟ್ಟಿ ತೆರೆದರಂತೆ. ವೈದ್ಯರೋ? ಅಲ್ಲ. ಮೇಷ್ಟ್ರೋ? ಅಲ್ಲ. ಹೋಟೆಲೋ? ಅಲ್ಲ.

“ಮತ್ತೆ ಏನ್ ಮಾಡ್ತೀರಿ?”

“ಕೆಲಸ ಮಾಡಿಸ್ತೀನ್ರಿ.”

“ಏನ್ ಕೆಲಸ?”

“ಸದ್ಯಕ್ಕೆ ಹಗ್ಗ ಹೊಸೀತಾ ಅದಾರೆ.”

ಗುಮಾಸ್ತರ ಮುಖ ಅರಳಿತು. ಪಟ್ಟಿಯಲ್ಲಿ ಹಗ್ಗ ಇತ್ತು! ಹೀಗೆ ನಮ್ಮ ಮನೆಯವರು ಹಗ್ಗದ ಉದ್ದಿಮೆದಾರರಾದರು. ಪ್ರತಿ ಮಾರ್ಚಿಯಲ್ಲಿ ಲೈಸೆನ್ಸ್ ಹೊಸದು ಮಾಡಿಸುವಾಗ ಮಾದರಿಗೆ ಒಂದು ಮಾರು ಹಗ್ಗ ತೋರಿಸಬೇಕಿತ್ತು. ಗುಮಾಸ್ತರು ಎಳೆದು ನೋಡಿ, “ಇದೆಂಥ ಹಗ್ಗರಿ, ಈ ಕಡೆ ಸಡಿಲ, ಆ ಕಡೆ ಬಿಗಿ?” ಎಂದರೆ ಇವರು ಎದೆಯುಬ್ಬಿಸಿ ಹೇಳುತ್ತಿದ್ದರು: “ಸಡಿಲ ಇರೋದು ದೀಪಾವಳಿದ್ರಿ, ಬಿಗಿ ಇರೋದು ಸಂಕ್ರಾಂತಿದು. ಹೊಸೆದೋನು ಈಗ ಮಿಲ್ಲಿಗೆ ಹೋಗ್ತಾನೆ!”

ಒಂದು ಸಲ ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರು ಬಂದರು. ಪಡಸಾಲೆ ತುಂಬ ಕೈ ಊನವಾದವರು ಪುಂಡಿನಾರು ಹೊಸೆಯುತ್ತಿದ್ದಾರೆ! ಸಾಹೇಬರ ಕಣ್ಣು ಕೆಂಪಾಯಿತು.

“ಇವರಿಗೆ ಕೂಲಿ ಏನ್ ಕೊಡ್ತೀರಿ?”

ಇವರು ಬಾಯಿ ತೆರೆಯುವ ಮೊದಲೇ ಮೂಲೆಯಲ್ಲಿದ್ದವನು ಹೇಳಿದ: “ಕೂಲಿ ಎಲ್ಲಿಂದ ಬಂತು ಸಾಹೇಬ್ರೇ, ಮಂಡಕ್ಕಿನೂ ನಾವೇ ತರ್ತೀವಿ!”

ಜೈಲಿಗೆ ಹೋಗುವುದೊಂದು ಬಾಕಿ. ಇನ್ಸ್‌ಪೆಕ್ಟರಿಗೆ ಅರ್ಥ ಮಾಡಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಹೋಗುವಾಗ ಅವರು ಮೆಲ್ಲಗೆ, “ನಮ್ಮ ತಾಯಿಗೆ ಭುಜ ಏಳಲ್ಲ, ಕರ್ಕೊಂಡು ಬರ್ಲಾ?” ಎಂದರು. ಆ ಮುದುಕಿ ಒಂದು ತಿಂಗಳು ನಮ್ಮ ಮನೆಯ ಮಜ್ಜಿಗೆ ಕಡೆದಳು.

ನಗಿಸುವುದು ಇಲ್ಲಿಗೆ ಮುಗಿಯಿತು. ಹೋದ ವರ್ಷ ದಸರಾ ಕಳೆದು ನಾಲ್ಕು ದಿನಕ್ಕೆ ಇವರಿಗೇ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಪಡಸಾಲೆ ಖಾಲಿಯಾಯಿತು. ಹರಿಹರದ ನನ್ನ ಅಣ್ಣ ಬಂದು ಇಬ್ಬರನ್ನೂ ತನ್ನ ಮನೆಗೆ ಕರೆದೊಯ್ದ. ಇಡೀ ಊರಿಗೆ ಕೆಲಸ ಹಚ್ಚಿದವರು ತಾವು ಮಾತ್ರ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ನಾನು ತಟ್ಟೆಯಲ್ಲಿ ಮಂಡಕ್ಕಿ ತಂದಿಟ್ಟರೆ ಎಡಗೈಯಿಂದ ಮುಕ್ಕಿ ಮುಗಿಸುತ್ತಿದ್ದರು. ಕಳ್ಳ!

ಅವರನ್ನು ಎಬ್ಬಿಸಿದ್ದು ಮಾರ್ಚಿ ತಿಂಗಳು. ಹೊಸದು ಮಾಡಿಸದಿದ್ದರೆ ಲೈಸೆನ್ಸ್ ಹೋಗುತ್ತದೆ. ಲೈಸೆನ್ಸ್ ಹೋದರೆ ಮುಂದೆ ಯಾರೂ ಬರುವ ಹಾಗಿಲ್ಲ. ಹರಿಹರದಿಂದ ರೈಲಿನಲ್ಲಿ ದಾವಣಗೆರೆಗೆ ಹೋದೆವು. ಗುಮಾಸ್ತರು ಇವರನ್ನು ನೋಡಿ ಎದ್ದು ನಿಂತರು.

“ಹೆಬ್ಬೆಟ್ಟು ಒತ್ರಿ ಯಜಮಾನ್ರೇ, ನಡೀತದೆ.”

ಇವರ ಮಾತು ತೊದಲುತ್ತಿತ್ತು, ಸಿಟ್ಟು ತೊದಲಲಿಲ್ಲ. “ಒತ್ತಲ್ಲ. ಸಹಿ ಹಾಕ್ತೀನಿ.”

“ಹಂಗಾದ್ರೆ ನನ್ನ ಎದುರಿಗೇ ಹಾಕ್ಬೇಕಾಗ್ತದೆ.”

ಇವರ ಹೆಸರಿಗೆ ನಾಲ್ಕು ಅಕ್ಷರ. ಅವತ್ತು ಅರ್ಧ ಗಂಟೆ ಬೆವತು ಬರೆದದ್ದು ಒಂದೇ. ಪೆನ್ನು ಕೈಯಿಂದ ಬಿತ್ತು. ಗುಮಾಸ್ತರು ಅರ್ಜಿಯನ್ನು ಡ್ರಾಯರಿನಲ್ಲಿಟ್ಟರು. “ತಿಂಗಳ ಕೊನೆವರೆಗೂ ಟೈಮ್ ಐತೆ. ಬರ್ರಿ.”

ಅವತ್ತಿನಿಂದ ಹಾಸಿಗೆ ಬಿಟ್ಟೆದ್ದರು. ಬಲಗೈಯಿಂದ ಮಂಡಕ್ಕಿ ಹೆಕ್ಕಿದರು, ಸ್ಲೇಟು ತೀಡಿದರು, ನಾನು ಬೈದರೂ ಕೇಳದೆ ಹಿತ್ತಲಲ್ಲಿ ನಾರು ಹೊಸೆದರು. ಎಂಟು ದಿನಕ್ಕೆ ಮತ್ತೆ ಆಫೀಸಿಗೆ ಹೋಗಿ ಅದೇ ಅರ್ಜಿಯ ಮೇಲೆ ಎರಡನೆಯ ಅಕ್ಷರ. ಮತ್ತೆ ಎಂಟು ದಿನಕ್ಕೆ ಮೂರನೆಯದು. ಅದು ಎಷ್ಟು ದುಂಡಗೆ ಬಂದಿತ್ತೆಂದರೆ ಪಕ್ಕದ ಮೇಜಿನವರೂ ಎದ್ದು ಬಂದು ನೋಡಿದರು. ವಾಪಸು ಬರುವಾಗ ರೈಲಿನಲ್ಲಿ ಇವರು ನನ್ನ ಕಡೆ ತಿರುಗಿ, “ಇನ್ನೊಂದೇ ಕಣೇ” ಎಂದರು.

ಆ ವಾರ ಕಳೆಯಲಿಲ್ಲ. ಎರಡನೆಯ ಸಲ ಹೊಡೆದ ಲಕ್ವ ಅವರನ್ನು ಕರೆದುಕೊಂಡೇ ಹೋಯಿತು.

ತಿಂಗಳ ಕೊನೆಯ ದಿನ ಒಬ್ಬಳೇ ದಾವಣಗೆರೆಗೆ ಹೋದೆ. ಗುಮಾಸ್ತರು ನನ್ನ ಬರಿಹಣೆ ನೋಡಿದರು. ಡ್ರಾಯರಿನಿಂದ ಆ ಮೂರಕ್ಷರದ ಅರ್ಜಿ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಒಂದು ಬಿಳಿ ಹಾಳೆ ಎಳೆದುಕೊಂಡರು.

“ಲೈಸೆನ್ಸ್ ರದ್ದು ಮಾಡೋಕೆ ನಿಮ್ಮ ಹೇಳಿಕೆ ಬರ್ಕೋಬೇಕು ತಾಯಿ. ತೀರಿಕೊಂಡವರ ಹೆಸರು?”

“ನಿಮಗೆ ಗೊತ್ತಲ್ರಿ. ಅರ್ಜಿಯಲ್ಲೇ ಐತಲ್ಲ.”

“ಗೊತ್ತೈತಿ ತಾಯಿ. ಆದ್ರೆ ಹೇಳಿಕೆ ನಿಮ್ದು. ನೀವೇ ಹೇಳ್ಬೇಕು.”

ಮದುವೆಯಾಗಿ ಇಪ್ಪತ್ತಾರು ವರ್ಷ. ಒಡಪು ಕಟ್ಟಿ ಗಂಡನ ಹೆಸರು ಹೇಳು ಎಂದು ಹೆಂಗಸರು ಬಾಗಿಲಿಗೆ ಅಡ್ಡ ನಿಂತಾಗಲೂ ನಾನು ಹೇಳಿದವಳಲ್ಲ. ಮೇಜಿನ ಅಂಚು ಹಿಡಿದುಕೊಂಡೆ. ಪೆನ್ನು ಎತ್ತಿ ಹಿಡಿದು ಗುಮಾಸ್ತರು ತಲೆ ತಗ್ಗಿಸಿ ಕಾಯುತ್ತಿದ್ದರು.

ಹೇಳಿದೆ. ನಾಲ್ಕಕ್ಷರವನ್ನೂ, ಇಡೀ ಆಫೀಸಿಗೆ ಕೇಳಿಸುವ ಹಾಗೆ.