ಬೇಲಿಯ ಹೊರಗಿನ ಕಾವಲುಗಾರ

ನನ್ನ ಕಚೇರಿಯಲ್ಲಿರುವುದು ಎರಡು ಕುರ್ಚಿ, ಒಂದು ಪ್ರಿಂಟರ್. ನಗುವ ಪ್ರಸಂಗಗಳಿಗೆ ಮಾತ್ರ ಬರವಿಲ್ಲ. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಪರಿಶಿಷ್ಟ ಪಂಗಡದವರಿಗೆ ಕೆಲಸ, ಗುತ್ತಿಗೆ ಸಿಗಲೆಂದು ಅರ್ಜಿ ತುಂಬಿಸಿಕೊಡುವುದು ನನ್ನ ಉದ್ಯೋಗ. ಫಾರಂ ಬರೆದವರು ಹಟ್ಟಿ ನೋಡಿಲ್ಲ, ಹಟ್ಟಿಯವರು ಫಾರಂ ನೋಡಿಲ್ಲ. ನಡುವೆ ಸಿಕ್ಕಿಕೊಂಡವನು ನಾನು.

೧. ಅನುಭವ ಪತ್ರ

ತಳಕಿನ ಆಚೆ ಹುಲ್ಲುಗಾವಲಿಗೆ ಬೇಲಿ ಹಾಕಿ ಒಂದು ಕ್ಯಾಂಪಸ್ ಮಾಡಿದರು. ಕಾವಲುಗಾರರನ್ನು ಒದಗಿಸುವ ಗುತ್ತಿಗೆಯಲ್ಲಿ ಪಂಗಡದವರಿಗೆ ಮೊದಲ ಆದ್ಯತೆ ಎಂದರು. ಪಕ್ಕದ ಮ್ಯಾಸ ನಾಯಕರ ಹಟ್ಟಿಯಿಂದ ಹತ್ತು ಜನ ಸಂಘ ಕಟ್ಟಿಕೊಂಡು ಬಂದರು. ಮುಂದಾಳು ಹಟ್ಟಿಯ ಕಿಲಾರಿ, ಅಂದರೆ ದೇವರ ದನ ಕಾಯುವವನು. ತಾತನ ಕಾಲದಿಂದ ಅವರ ದನ ಮೇಯುತ್ತಿದ್ದದ್ದು ಅಲ್ಲೇ. ಮೇವಂತೂ ಹೋಗಿತ್ತು, ಈ ಕೆಲಸವೂ ಹೊರಗಿನವರ ಪಾಲಾದರೆ ಆ ನೆಲದಲ್ಲಿ ಹಟ್ಟಿಗೆ ಏನೂ ಉಳಿಯುತ್ತಿರಲಿಲ್ಲ.

ಮೂರು ವರ್ಷ ಕಾವಲು ಕಾಯ್ದ ಅನುಭವ ಪತ್ರ ಬೇಕೆಂದು ಫಾರಂನಲ್ಲಿತ್ತು. ಹುಟ್ಟಿದಾಗಿನಿಂದ ಕಾಯ್ತಿದ್ದೀನಿ ಅಂದ ಕಿಲಾರಿ. ಅದನ್ನು ಕಂಡವರು ಯಾರಾದರೂ ಬರೆದುಕೊಡುತ್ತಾರಾ ಎಂದೆ.

"ನಾನು ಕಾಯ್ದಿದ್ದು ನೋಡಿರೋವು ದನಗಳೇ ಸ್ವಾಮಿ. ಹೊಡ್ಕಂಡು ಬರ್ಲಾ?"

ಪಂಚಾಯಿತಿಯ ಪತ್ರದಲ್ಲಿ ಹೇಗೋ ನಡೆಯಿತು. ಗುತ್ತಿಗೆ ಮೂರು ತಿಂಗಳ ಪರೀಕ್ಷೆಯ ಮೇಲೆ ಸಿಕ್ಕಿತು. ಒಂದು ದನ ಒಳಗೆ ನುಗ್ಗಿದರೂ ರದ್ದು.

೨. ಗೌರವದ ಊಟ

ತರಬೇತಿಯ ಮೊದಲ ದಿನ ಗೌರವಕ್ಕೆಂದು ಕೋಳಿ ಬಿರಿಯಾನಿ ತರಿಸಿದರು. ಈ ಹಟ್ಟಿಯವರು ಕೋಳಿ ತಿನ್ನುವುದಿರಲಿ, ಊರೊಳಗೇ ಬಿಟ್ಟುಕೊಳ್ಳುವುದಿಲ್ಲ. ಮುಚ್ಚಳ ತೆಗೆದದ್ದೇ ತಡ, ಹತ್ತೂ ಜನ ಎದ್ದು ಹೋಗಿ ಬೇವಿನ ಮರದ ಕೆಳಗೆ ಕೂತರು. ತರಬೇತಿ ಕೊಡುವವನು 'ಅಭ್ಯರ್ಥಿಗಳಿಗೆ ಆಸಕ್ತಿಯಿಲ್ಲ' ಎಂದು ವರದಿ ಬರೆಯಲು ಶುರುಮಾಡಿದ್ದ. ಓಡಿಹೋಗಿ ಅವನ ಕೈ ಹಿಡಿದು ವಿಷಯ ತಿಳಿಸಿದೆ. ಪಾಪ, ಒಳ್ಳೆಯವನು. ತಪ್ಪು ತಿದ್ದಿಕೊಳ್ಳಲು ಮರುದಿನ ತಾನೇ ನಿಂತು ಮೊಟ್ಟೆ ಬಿರಿಯಾನಿ ಮಾಡಿಸಿದ. ಮತ್ತೆ ಬೇವಿನ ಮರ.

ಮೂರನೆಯ ದಿನ ಕುರಿ ಬಂತು. ಹತ್ತರಲ್ಲಿ ಹಿರಿಯನೊಬ್ಬ ಎರಡು ಸಲ ಬಡಿಸಿಕೊಂಡು, ತರಬೇತಿ ಇನ್ನೂ ತಲೆಗೆ ಹತ್ತಿಲ್ಲ, ಎರಡು ದಿನ ಜಾಸ್ತಿ ಮಾಡಿ ಎಂದು ಕೇಳಿಕೊಂಡ.

೩. ದಿಬ್ಬದ ಡ್ಯೂಟಿ

ಅಸಲು ಫಜೀತಿ ಆಮೇಲೆ. ಕಿಲಾರಿಗೆ ಸಮವಸ್ತ್ರ, ಸೀಟಿ ಕೊಟ್ಟು ಗೇಟಿಗೆ ನಿಲ್ಲಿಸಿದರು. ದನ ಮೇಯಿಸಲು ಅವನ ಬದಲು ಅವನ ತಮ್ಮ ಹೋಗತೊಡಗಿದ. ದನಗಳಿಗೆ ಆ ಬದಲಾವಣೆ ಒಪ್ಪಿಗೆಯಾಗಲಿಲ್ಲ. ಮೊದಲ ಬೆಳಗ್ಗೆಯೇ ಎಲ್ಲವೂ ಗೇಟಿಗೆ ಬಂದು ನಿಂತವು. ಓಡಿಸಲು ಕಿಲಾರಿ ಕೂಗು ಹಾಕಿದ. ಆ ಕೂಗು ಕೇಳಿದರೆ ಹತ್ತಿರ ಬರುವುದಷ್ಟೇ ಅವಕ್ಕೆ ಗೊತ್ತು. ಇನ್ನೂ ಹತ್ತಿರ ಬಂದವು. ಕ್ಯಾಂಪಸ್ಸಿನ ಮೇಲ್ವಿಚಾರಕ ನನಗೆ ಫೋನ್ ಮಾಡಿ, ಕಾವಲುಗಾರ ಇಲ್ಲದಾಗ ಇಲ್ಲಿ ಒಂದು ದನವೂ ಇರಲಿಲ್ಲ ಎಂದ. ಗುತ್ತಿಗೆ ಕೈಬಿಟ್ಟಿತೆಂದುಕೊಂಡು ಕೂಡಲೇ ಹೊರಟೆ.

ನಾನು ಹೋಗುವಷ್ಟರಲ್ಲಿ ಗೇಟಿನಲ್ಲಿ ದನವೂ ಇಲ್ಲ, ಕಿಲಾರಿಯೂ ಇಲ್ಲ. ಬೇಲಿಯಿಂದಾಚೆ, ದೂರದ ದಿಬ್ಬದ ಮೇಲೆ ಸಮವಸ್ತ್ರದಲ್ಲೇ ನಿಂತಿದ್ದ. ಸುತ್ತ ದನಗಳು. ಮೇಲ್ವಿಚಾರಕ ಕೆಂಡವಾಗಿ, ಕಾಯಬೇಕಾದ ಗೇಟು ಬಿಟ್ಟು ಇಲ್ಲೇನು ಮಾಡುತ್ತೀಯ ಎಂದು ಕೇಳಿದ.

"ನಾನು ಎಲ್ಲಿರ್ತೀನೋ ಅವೂ ಅಲ್ಲೇ ಇರ್ತಾವ್ರಿ. ಒಳಗೆ ನಿಲ್ಲು ಅಂದ್ರೆ ನಿಲ್ತೀನಿ, ಗೇಟು ನೀವು ಹಿಡ್ಕಳ್ರಿ."

ಮೇಲ್ವಿಚಾರಕ ಒಮ್ಮೆ ಬೇಲಿ ನೋಡಿದ, ಒಮ್ಮೆ ಕೊಂಬು ನೋಡಿದ. ಗೇಟಿಗೆ ಇನ್ನೊಬ್ಬನನ್ನು ಹಾಕಿ, ಕಿಲಾರಿಯ ಹಾಜರಿಯಲ್ಲಿ 'ಸ್ಥಳ: ದಿಬ್ಬ' ಎಂದು ಬರೆದ. ಮೂರು ತಿಂಗಳು ಒಂದು ಕರುವೂ ಒಳಗೆ ಕಾಲಿಡಲಿಲ್ಲ. ಹತ್ತೂ ಜನರ ಕೆಲಸ ಉಳಿಯಿತು. ಪರೀಕ್ಷೆಯ ಅವಧಿ ಮುಗಿದ ದಿನ ನನಗಾದ ಸಂತೋಷ ಸ್ವಂತ ಬಡ್ತಿಗೂ ಆಗಿರಲಿಲ್ಲ.

ಮುಂದಿನ ಟೆಂಡರಿನಲ್ಲಿ ಹೊಸ ಷರತ್ತು ಬಂತು: ಕಾವಲುಗಾರರಿಗೆ ಸುತ್ತಲಿನ ದನಗಳ ಪರಿಚಯವಿರಬೇಕು. ಪೇಟೆಯ ಗುತ್ತಿಗೆದಾರನೊಬ್ಬ ನನ್ನ ಕಚೇರಿಗೆ ಕಾರಿನಲ್ಲಿ ಬಂದು, ಆ ಪರಿಚಯ ಪತ್ರಕ್ಕೆ ಸಹಿ ಯಾರು ಹಾಕುತ್ತಾರೆಂದು ವಿಚಾರಿಸಿದ. ಇನ್ನೊಂದು ಕುರ್ಚಿಯಲ್ಲಿ ಕಿಲಾರಿಯೇ ಕೂತಿದ್ದ. ಬಂದವನನ್ನು ಮೇಲಿಂದ ಕೆಳಗೆ ನೋಡಿ ಕಿಲಾರಿ ಹೇಳಿದ:

"ನಮ್ಮ ದೊಡ್ಡ ಹೋರಿ ಐತೆ, ಅದು ಒಪ್ಪಬೇಕ್ರಿ. ನಾಳೆ ಬೆಳಗ್ಗೆ ದಿಬ್ಬದ ತಾವ ಬರ್ರಿ, ಇಂಟರ್‌ವ್ಯೂ ಮಾಡ್ತೈತೆ. ಕಾರು ಮಾತ್ರ ಹತ್ರನೇ ನಿಲ್ಸಿರಿ."