ತಪ್ಪೇ ಇಲ್ಲದ ಕಾರು

ಆ ಕಾರಿನ ಕಡತದಲ್ಲಿ ಒಂದೇ ಒಂದು ತಪ್ಪು ಕಣ್ಣಿಗೆ ಬಿದ್ದಿದ್ದರೂ ಕರಡಪ್ಪ ಶನಿವಾರ ಬೆಳಿಗ್ಗೆಯೇ ಕಾರು ಬೇಡವೆಂದು ಹೇಳಿ ಸುಮ್ಮನಾಗಿಬಿಡುತ್ತಿದ್ದ. ಬೀಳಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ಕರಡಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಅಚ್ಚುಕೂಟದಲ್ಲಿ ಕರಡು ತಿದ್ದುವುದು ಅವನ ಕೆಲಸ. ಕೆಂಪು ಪೆನ್ನು ಹಿಡಿದು ಊರವರ ಬರಹದ ಮೇಲೆ ಬಗ್ಗಿ ಬಗ್ಗಿ ಬೆನ್ನು ಅಲ್ಪವಿರಾಮದಂತೆ ಬಾಗಿತ್ತು. ಜೊತೆಯವರು ಇಟ್ಟ ಹೆಸರು ಬೀದಿಗೆ ಹಬ್ಬಿ, ಅಂಚೆಯವನೂ ಹಾಗೆಯೇ ಕೂಗುವಂತಾಯಿತು. ಆ ಕೆಲಸದಿಂದ ಅವನು ಕಲಿತ ಸತ್ಯ ಒಂದೇ: ತಪ್ಪಿಲ್ಲದ ಹಾಳೆ ಲೋಕದಲ್ಲಿಲ್ಲ; ಕಾಣಲಿಲ್ಲವೆಂದರೆ ಸರಿಯಾಗಿ ನೋಡಿಲ್ಲ ಎಂದೇ ಅರ್ಥ.

ಕಾರಿನ ಆಸೆ ಹುಟ್ಟಿದ್ದು ಜಂಬಕ್ಕಲ್ಲ. ಹೆಂಡತಿಯ ಮಂಡಿ ಹಟ ಹಿಡಿದು ಕೂತಿತ್ತು. ಕಾಲೆತ್ತಿ ಸ್ಕೂಟರಿನ ಹಿಂದೆ ಕೂರುವುದು ಅವಳಿಂದ ಆಗುತ್ತಿರಲಿಲ್ಲ. ಮೊದಲೆಲ್ಲ ಸಂಜೆ ಇಬ್ಬರೂ ಊರಾಚೆಯ ಕೆರೆಯ ದಂಡೆಗೆ ಹೋಗಿ, ನೀರು ನೋಡುತ್ತ, ಹೆಚ್ಚು ಮಾತಿಲ್ಲದೆ ಕೂತು ಬರುತ್ತಿದ್ದರು. ಅದು ನಿಂತು ವರ್ಷದ ಮೇಲಾಗಿತ್ತು. ಅವಳು ಒಂದು ದಿನವೂ ಗೊಣಗಿರಲಿಲ್ಲ. ಗೊಣಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಗೊಣಗದೆ ಇದ್ದದ್ದೇ ಒಳಗೊಳಗೆ ಕೊರೆಯುತ್ತಿತ್ತು.

"ಇವತ್ತು ಸಂಜೆ ಕೆರೆಗೆ ಹೋಗೋಣ. ಕಾರಲ್ಲಿ," ಎಂದು ಕಾಫಿ ಲೋಟ ಕೆಳಗಿಡುತ್ತ ಹೇಳಿದ.

"ಮೊದಲು ಕಾರು ಬರಲಿ ರೀ. ಹೋದ ಸಲಾನೂ ಹೀಗೇ ಹೇಳಿ, ಆ ಡಾಕ್ಟರ ಕಾರಿಗೆ ತುಕ್ಕು ಹಿಡಿದಿದೆ ಅಂತ ಬಿಟ್ಟು ಬಂದ್ರಿ."

"ಹಿಡಿದಿತ್ತಲ್ಲ."

"ಮೊಳೆ ತಲೆಯಷ್ಟು."

"ತಲೆ ಹೊರಗೆ ಕಂಡ್ರೆ ಮೊಳೆ ಒಳಗಿರುತ್ತೆ ಅಂತಾನೇ ಲೆಕ್ಕ," ಎಂದು ಎದ್ದ.

ಈ ಸಲದ ಕಾರಿನ ಒಡೆಯರು ಅಳತೆ-ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಅಂಗಡಿಯವರ ತಕ್ಕಡಿಯ ಮುಳ್ಳು ನೋಡಿ ನೋಡಿ ತಾವೂ ಮುಳ್ಳಿನಂತೆ ನೆಟ್ಟಗಾಗಿದ್ದರು. ಅವರ ಶೆಡ್ಡಿನ ಗೋಡೆಯಲ್ಲಿ ಒಂದೊಂದು ಸ್ಪಾನರಿಗೂ ಒಂದೊಂದು ಮೊಳೆ, ಮೊಳೆಯ ಕೆಳಗೆ ಆ ಸ್ಪಾನರಿನದೇ ಆಕಾರದಲ್ಲಿ ಬಣ್ಣದ ಗೆರೆ. ನಡುವೆ ಬೂದು ಬಣ್ಣದ ಸಣ್ಣ ಕಾರು, ಆಗಷ್ಟೇ ಸ್ನಾನ ಮುಗಿಸಿ ಬಂದ ಮಗುವಿನಂತೆ ನಿಂತಿತ್ತು.

"ಬರೋ ತಿಂಗಳು ಮಗಳ ಮನೆಗೆ ಹೋಗ್ತಾ ಇದೀನಿ. ಅಲ್ಲಿ ಕಾರು ನಿಲ್ಲಿಸೋಕೆ ಜಾಗ ಇಲ್ಲ," ಎಂದರು ಇನ್ಸ್‌ಪೆಕ್ಟರು. "ಇಲ್ಲದಿದ್ರೆ ಮಾರೋ ಮಾತೇ ಇರಲಿಲ್ಲ."

"ಸರ್ವಿಸ್ ಎಲ್ಲ ಕಾಲಕಾಲಕ್ಕೆ ಆಗಿದೆಯಾ?"

ಇನ್ಸ್‌ಪೆಕ್ಟರು ಒಳಗೆ ಹೋಗಿ ಒಂದು ದಪ್ಪ ಕಡತ ತಂದು, ಮಲಗಿದ ಹಸುಗೂಸನ್ನು ಕೊಡುವವರಂತೆ ಎರಡು ಕೈಯಲ್ಲಿ ಕೊಟ್ಟರು. "ಮನೆಗೆ ತಗೊಂಡು ಹೋಗಿ ನಿಧಾನವಾಗಿ ನೋಡಿ. ಸಂಜೆ ಐದಕ್ಕೆ ಬಂದು ಹೇಳಿ. ಕೇಳೋರು ಬೇರೆಯವರೂ ಇದಾರೆ. ನಿಮ್ಮ ಮನೆ ಎಲ್ಲಿ?"

ಕರಡಪ್ಪ ಬೀದಿ, ಮನೆ, ಎದುರುಮನೆಯ ಗುರುತು ಎಲ್ಲ ಹೇಳಿದ. ಆಮೇಲೆ ಗೋಡೆಗೆ ಒರಗಿಸಿಟ್ಟಿದ್ದ ಸ್ಕೂಟರನ್ನು ನೆಟ್ಟಗೆ ಮಾಡಿ ಒದೆಯತೊಡಗಿದ. ಅದರ ಸ್ಟ್ಯಾಂಡು ಮುರಿದು ಬಹಳ ಕಾಲವಾಗಿತ್ತು. ಗೋಡೆಯಿಲ್ಲದ ಕಡೆ ಅವನು ಇಳಿಯುತ್ತಲೇ ಇರಲಿಲ್ಲ. ಒದ್ದು ಒದ್ದು ಶರಟು ಬೆನ್ನಿಗೆ ಅಂಟಿದ ಮೇಲೆ ಅದು ಕೆಮ್ಮಿ, ಉಗುಳಿ, ಎದ್ದಿತು. ಇನ್ಸ್‌ಪೆಕ್ಟರು ಗೇಟಿನಲ್ಲಿ ನಿಂತು, ಹೊಗೆ ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದರು.

ಮನೆಯ ಜಗುಲಿಯ ಮೇಲೆ ಕರಡಪ್ಪ ಕಡತ ಹರಡಿ ಕೂತ. ಎಣ್ಣೆ ಬದಲಾಯಿಸಿದ್ದು, ಬ್ರೇಕಿನ ಪ್ಯಾಡು ಹಾಕಿಸಿದ್ದು, ಟೈರುಗಳನ್ನು ಮುಂದಿನವು ಹಿಂದಕ್ಕೆ, ಹಿಂದಿನವು ಮುಂದಕ್ಕೆ ಮಾಡಿಸಿದ್ದು, ಬ್ಯಾಟರಿ, ಬೆಲ್ಟು, ವೈಪರಿನ ರಬ್ಬರು. ಪ್ರತಿಯೊಂದಕ್ಕೂ ಬಿಲ್ಲು, ಬಿಲ್ಲಿನ ಮೇಲೆ ಮೊಹರು, ಮೊಹರಿನ ಪಕ್ಕ ಕಾರು ಅಲ್ಲಿಯವರೆಗೆ ಓಡಿದ ಕಿಲೋಮೀಟರು. ಅವನು ಬೆರಳಿಟ್ಟು ಓದಿದ. ಕೆಳಗಿನಿಂದ ಮೇಲಕ್ಕೆ ಓದಿದ. ಕೆಂಪು ಪೆನ್ನಿನ ಮುಚ್ಚಳ ತೆಗೆದದ್ದು ತೆಗೆದ ಹಾಗೇ ಇತ್ತು, ಶಾಯಿ ಒಣಗುತ್ತಿತ್ತು.

ಎದುರುಮನೆಯ ವಿಮೆ ಏಜೆಂಟರಿಗೆ ಕಾಗದದ ವಾಸನೆ ಬೀದಿ ದಾಟಿ ಬರುತ್ತಿತ್ತು. ಬಂದರು. ಹತ್ತು ಜನ ನಗುತ್ತ ಕೂತ ಚಿತ್ರ ತೋರಿಸಿದರೂ, ಇವರಲ್ಲಿ ಮೊದಲು ಹೋಗುವವರು ಯಾರು ಎಂದು ಯೋಚಿಸುವ ಮನುಷ್ಯ.

"ಏನು ಕರಡಪ್ಪೋರೇ, ಮುಖ ಸಪ್ಪಗಿದೆ. ಕಾರಲ್ಲಿ ದೋಷ ಇದೆಯಾ?"

"ಇಲ್ಲ. ಒಂದೂ ಇಲ್ಲ."

"ಅಯ್ಯೋ ಪಾಪ," ಎಂದು ಏಜೆಂಟರು ಪಕ್ಕದಲ್ಲಿ ಕೂತರು. "ಆರೋಗ್ಯ ಅಷ್ಟು ಚೆನ್ನಾಗಿದೆ ಅಂತ ಬರೆದುಕೊಡೋರ ಪಾಲಿಸಿ ಕಂಡ್ರೆ ನಮ್ಮ ಆಫೀಸಲ್ಲಿ ಮೊದಲು ಹೆದರ್ತಾರೆ. ನೆಗಡಿ ಕೂಡ ಬಂದಿಲ್ಲ ಅಂದ್ರೆ ಏನೋ ದೊಡ್ಡದನ್ನೇ ಮುಚ್ಚಿಟ್ಟಿದಾನೆ ಅಂತ. ಒಂದೇ ದಿನ ಕೂತು ಎಲ್ಲ ಬರೆದಿರಬಹುದು ನೋಡಿ."

"ಶಾಯಿ ಬೇರೆ ಬೇರೆ. ಕೈಬರಹಾನೂ ಬೇರೆ ಬೇರೆ."

"ಬುದ್ಧಿವಂತ ಹಾಗಾದ್ರೆ."

ಒಳಗಿನಿಂದ ಹೆಂಡತಿ ಕೂಗಿದಳು, "ಮೊಸರಲ್ಲಿ ಕಲ್ಲು ಹುಡುಕಿದ್ದು ಸಾಕು ರೀ. ಕಾರು ಓಡುತ್ತಾ ಕೇಳಿ, ತಗೊಳ್ಳಿ."

"ಓಡೋದು ಇವತ್ತು ತಾಯಿ," ಎಂದರು ಏಜೆಂಟರು ಶಾಂತವಾಗಿ. "ನಾಳೆ ನಿಲ್ಲುತ್ತಲ್ಲ, ಅದಕ್ಕೆ ನಾವೆಲ್ಲ ಇರೋದು."

ಅಷ್ಟರಲ್ಲಿ ಕರಡಪ್ಪನ ಬೆರಳು ಒಂದು ಕಡೆ ನಿಂತಿತು. ಎರಡು ಬಿಲ್ಲುಗಳ ನಡುವೆ ಆರು ತಿಂಗಳ ಅಂತರ. ಕಿಲೋಮೀಟರು ಮಾತ್ರ ಎರಡರಲ್ಲೂ ಒಂದೇ. ಅವನ ಮುಖ ಕಾರ್ಮೋಡ ಸರಿದ ಆಕಾಶದಂತಾಯಿತು. ಕೆಂಪು ಪೆನ್ನು ತಾನಾಗಿಯೇ ಕೈಗೆ ಬಂತು.

"ಆರು ತಿಂಗಳು ಕಾರು ಕದಲೇ ಇಲ್ಲ. ಆದ್ರೂ ಎಣ್ಣೆ ಬದಲಾಯಿಸಿದಾರೆ."

"ಅಪಘಾತ," ಎಂದು ಏಜೆಂಟರು ತೃಪ್ತಿಯಿಂದ ಉಸಿರುಬಿಟ್ಟರು. "ಗುದ್ದಿ ಮಲಗಿದೆ. ಮೇಲೆ ಬಣ್ಣ ಬಳಿದಿದಾರೆ. ಗ್ಯಾರೇಜಿಗೇ ಹೋಗಿ ಕೇಳಿ, ಬಿಡಬೇಡಿ."

ಊಟ ಮಾಡಿ ಹೋಗಿ ಎಂದು ಹೆಂಡತಿ ಹೇಳಿದ್ದು ಸ್ಕೂಟರಿನ ಸದ್ದಿನಲ್ಲಿ ಮುಳುಗಿಹೋಯಿತು.

ಗ್ಯಾರೇಜು ಊರಿನ ಇನ್ನೊಂದು ತುದಿಯಲ್ಲಿತ್ತು. ಕರಡಪ್ಪ ಸ್ಕೂಟರನ್ನು ಗೋಡೆಗೆ ಒರಗಿಸಿ, ಕಡತ ತೆರೆದು, ಕಾರಿನ ನಂಬರು ಹೇಳಿದ. ಮೇಸ್ತ್ರಿಯ ಕೈಯಲ್ಲಿದ್ದ ಸುತ್ತಿಗೆ ಅರ್ಧದಲ್ಲೇ ನಿಂತಿತು. ಒಂದು ಲಾರಿಯ ಕೆಳಗಿನಿಂದ ಎರಡು ತಲೆಗಳು ಹೊರಗೆ ಬಂದವು.

"ಆ ಕಾರಾ?" ಎಂದ ಮೇಸ್ತ್ರಿ. "ಅದರ ಸುದ್ದಿ ಯಾಕೆ ಎತ್ತಿದ್ರಿ ಸ್ವಾಮಿ, ಊಟದ ಹೊತ್ತಲ್ಲಿ."

ಕರಡಪ್ಪನ ಎದೆ ಹಿಗ್ಗಿತು. "ಏನಾಗಿತ್ತು ಅದಕ್ಕೆ?"

"ಅದಕ್ಕೇನೂ ಆಗಿಲ್ಲ. ಆಗಿರೋದು ನಮಗೆ. ಇನ್ಸ್‌ಪೆಕ್ಟರು ಸ್ಟೂಲು ಮನೆಯಿಂದಾನೇ ತಂದು ಪಕ್ಕದಲ್ಲಿ ಕೂತ್ಕೋತಾರೆ. ಎಣ್ಣೆ ನಮ್ಮದು, ಅಳೆಯೋ ಪಾತ್ರೆ ಅವರದು. ಒಂದು ನಟ್ಟು ಬಿಗಿ ಮಾಡಿದ್ರೆ ಎದ್ದು ಬಂದು ಮುಟ್ಟಿ ನೋಡ್ತಾರೆ. ಆ ಕಾರು ಬಂದ ದಿನ ಇಲ್ಲಿ ಯಾರೂ ಹಾಡಲ್ಲ, ಬೀಡಿ ಸೇದಲ್ಲ. ಮದುವೆ ಮನೆಗೆ ಮಾವ ಬಂದ ಹಾಗೆ."

"ಮತ್ತೆ ಈ ಆರು ತಿಂಗಳು?"

ಮೇಸ್ತ್ರಿ ಬಿಲ್ಲು ನೋಡಿ ನಿಟ್ಟುಸಿರಿಟ್ಟ. "ಕಣ್ಣಿನ ಆಪರೇಷನ್ ಆಗಿತ್ತು ಅವರಿಗೆ. ಕಾರು ತೆಗೀಲಿಲ್ಲ. ನಿಂತ ಕಾರಿಗೂ ಎಣ್ಣೆ ಹಳೇದಾಗುತ್ತೆ ಅಂತ ನನ್ನನ್ನೇ ಮನೆಗೆ ಕರೆಸಿದ್ರು. ಕಣ್ಣಿಗೆ ಪಟ್ಟಿ ಕಟ್ಕೊಂಡು ಸ್ಟೂಲ್ ಮೇಲೆ ಕೂತಿದ್ರು. ಸದ್ದು ಕೇಳೇ ಹೇಳಿದ್ರು, ಎರಡನೇ ನಟ್ಟು ಇನ್ನೂ ಅರ್ಧ ಸುತ್ತು ಬರುತ್ತೆ ಅಂತ. ಬಂತು ಸ್ವಾಮಿ."

ಕರಡಪ್ಪ ಕೆಂಪು ಪೆನ್ನಿನ ಮುಚ್ಚಳ ಹಾಕಿದ. ಬಾಳಿನಲ್ಲಿ ಮೊದಲ ಸಲ ಅವನು ಒಂದು ಹಾಳೆಗೆ ಸೋತಿದ್ದ. ಸೋತಮೇಲೆ ನೋಡಿದರೆ ಮನಸ್ಸು ಹಗುರವಾಗಿತ್ತು. ಸಂಜೆಯ ಕೆರೆ ಕಣ್ಣ ಮುಂದೆ ಬಂತು. ಹೆಂಡತಿ ಮುಂದಿನ ಸೀಟಿನಲ್ಲಿ, ಕಾಲು ನೀಡಿಕೊಂಡು.

"ಇದು ಯಾರದು?" ಎಂದ ಮೇಸ್ತ್ರಿ, ನೆಲ ನೋಡುತ್ತ. ಗೋಡೆಗೆ ಒರಗಿದ್ದ ಸ್ಕೂಟರಿನ ಕೆಳಗೆ ಕಪ್ಪು ಎಣ್ಣೆ ನಿಧಾನವಾಗಿ ದೇಶದ ಭೂಪಟ ಬರೆಯುತ್ತಿತ್ತು.

"ನಂದೇ."

"ಎಣ್ಣೆ ಯಾವಾಗ ಬದಲಾಯಿಸಿದ್ರಿ?"

"ಬದಲಾಯಿಸೋದು ಏನು ಬಂತು. ಕೆಳಗೆ ಸೋರುತ್ತೆ, ಮೇಲೆ ಹಾಕ್ತೀನಿ. ತಾನಾಗೇ ಹೊಸದಾಗುತ್ತೆ."

"ಸರ್ವಿಸ್?"

"ಬೇಕಾದಾಗ ಮಾಡಿಸ್ತೀನಿ."

"ಬೇಕು ಅಂತ ಯಾರು ಹೇಳ್ತಾರೆ?"

"ಅದೇ ಹೇಳುತ್ತೆ. ನಿಂತುಬಿಡುತ್ತೆ."

ಲಾರಿಯ ಕೆಳಗಿನ ಎರಡು ತಲೆಗಳು ನಗುತ್ತ ಒಳಗೆ ಹೋದವು. ಮೇಸ್ತ್ರಿ ನಗಲಿಲ್ಲ. "ಕಾರು ನೀವೇ ತಗೋತಿರೋದಾ?" ಎಂದು ಕೇಳಿದ. ಹೌದೆಂದಾಗ ಕೈ ಒರೆಸಿಕೊಂಡು ಮೆಲ್ಲಗೆ ಫೋನಿನ ಕಡೆ ನಡೆದ.

ಸ್ಕೂಟರು ಹೇಳಬೇಕಾದದ್ದನ್ನು ಅರ್ಧ ದಾರಿಯಲ್ಲಿ ಹೇಳಿತು. ಏರಿನ ಬುಡದಲ್ಲಿ ನಿಂತದ್ದು ಮತ್ತೆ ಏಳಲಿಲ್ಲ. ಕರಡಪ್ಪ ಪ್ಲಗ್ಗು ಬಿಚ್ಚಿ ಊದಿದ, ಅಂಗಿಯ ತುದಿಯಲ್ಲಿ ಒರೆಸಿದ, ಬೇಡಿಕೊಂಡ, ಬೈದ. ಕೊನೆಗೆ ಕಡತವನ್ನು ಕಂಕುಳಿಗೆ ಇರುಕಿಕೊಂಡು ತಳ್ಳತೊಡಗಿದ. ಇಳಿಜಾರಿನಲ್ಲಿ ಹತ್ತಿ ಕೂತ. ಸಮತಟ್ಟಿನಲ್ಲಿ ಇಳಿದು ತಳ್ಳಿದ. ಇನ್ಸ್‌ಪೆಕ್ಟರ ಗೇಟು ತಲುಪಿದಾಗ ಐದು ದಾಟಿ ಹೋಗಿತ್ತು. ಮೂಗಿನ ಮೇಲೆ ಮಸಿ, ಅಂಗಿಯ ಮೇಲೆ ಎಣ್ಣೆ, ನಾಲಿಗೆ ಒಣಗಿ ಅಟ್ಟೆಯಾಗಿತ್ತು.

ಶೆಡ್ಡು ಖಾಲಿ.

ಕಾರಿದ್ದ ಜಾಗದಲ್ಲಿ ಒಂದು ಹನಿ ಎಣ್ಣೆಯ ಗುರುತೂ ಇರಲಿಲ್ಲ. ಬೇರೆಯವರು ತಗೊಂಡು ಹೋದರು ಎಂದುಕೊಂಡು ಅವನು ಗೇಟಿನ ಕಲ್ಲಿನ ಮೇಲೆ ಕೂತ. ಹೆಂಡತಿಗೆ ಏನು ಹೇಳುವುದು? ಮೊಳೆ ತಲೆಯಷ್ಟು ತುಕ್ಕೂ ಇಲ್ಲದ ಕಾರು, ತುಕ್ಕು ಇದೆಯೇನೋ ಎಂದು ನೋಡಲು ಹೋಗಿ ಕೈತಪ್ಪಿತು ಎಂದೇ? ಕತ್ತು ಬಗ್ಗಿಸಿಕೊಂಡು ಕೂತವನಿಗೆ ಸದ್ದೇ ಇಲ್ಲದೆ ಕಾರು ಬಂದು ಪಕ್ಕದಲ್ಲಿ ನಿಂತದ್ದು ತಿಳಿಯಲಿಲ್ಲ.

ಇನ್ಸ್‌ಪೆಕ್ಟರು ಒಬ್ಬರೇ ಇಳಿದರು. ಕರಡಪ್ಪ ಚಂಗನೆ ಎದ್ದ. "ಎಲ್ಲ ನೋಡಿದೆ ಸಾರ್. ಒಂದೂ ತಪ್ಪಿಲ್ಲ. ತಗೋತೀನಿ. ಈಗಲೇ ತಗೋತೀನಿ."

ಅವರು ಕಡತ ತೆಗೆದುಕೊಂಡು, ಹಾಳೆಗಳೆಲ್ಲ ಇವೆಯೇ ಎಂದು ನೋಡಿ, ಕಂಕುಳಿನ ಬೆವರು ತಾಗಿದ್ದ ಮೂಲೆಯನ್ನು ಕರವಸ್ತ್ರದಿಂದ ಒರೆಸಿದರು.

"ನೋಡಿ, ತಕ್ಕಡಿಗೆ ಎರಡು ತಟ್ಟೆ ಇರುತ್ತೆ," ಎಂದರು. "ಬೆಳಿಗ್ಗೆಯಿಂದ ನೀವು ಕಾರನ್ನ ತೂಗಿದ್ರಿ, ತಪ್ಪಲ್ಲ. ನಾನು ನಿಮ್ಮನ್ನ ತೂಗ್ತಾ ಇದ್ದೆ. ನಿಮ್ಮ ಬೀದಿಗೆ ಹೋಗಿದ್ದೆ. ವಿಮೆಯವರು ನಿಮ್ಮ ಸ್ಕೂಟರಿಗೆ ಪಾಲಿಸಿ ಮಾಡೋಕೆ ಅವರ ಆಫೀಸಲ್ಲಿ ಯಾರೂ ಒಪ್ಪಲಿಲ್ಲ ಅಂದ್ರು. ಮೇಸ್ತ್ರಿ ಫೋನ್ ಮಾಡಿದ್ದ, ಗ್ಯಾರೇಜಿನ ನೆಲ ಇನ್ನೂ ಉಜ್ಜುತಾ ಇದಾರಂತೆ."

"ಸಾರ್, ಅದು ಹಳೇ ಸ್ಕೂಟರ್."

"ನನ್ನ ಕಾರಿಗಿಂತ ಎರಡು ವರ್ಷ ಚಿಕ್ಕದು. ನಂಬರ್ ನೋಡಿದೆ."

ಕರಡಪ್ಪ ತಿರುಗಿ ತನ್ನ ಸ್ಕೂಟರಿನ ನಂಬರನ್ನು ತಾನೇ ಒಮ್ಮೆ ಓದಿಕೊಂಡ.

"ನಿಮಗೆ ಕೊಡೋಕಾಗಲ್ಲ. ಬೇಜಾರು ಮಾಡ್ಕೋಬೇಡಿ," ಎಂದು ಇನ್ಸ್‌ಪೆಕ್ಟರು ಬಹಳ ಮೃದುವಾಗಿ ಹೇಳಿ, ಗೇಟಿಗೆ ಒರಗಿದ್ದ ಸ್ಕೂಟರಿನ ಮುಂದೆ ಮಂಡಿಯೂರಿ ಕೂತರು. ಬ್ರೇಕಿನ ತಂತಿ ಎಳೆದು ನೋಡಿದರು, ಟೈರು ಒತ್ತಿದರು. ಆಮೇಲೆ ಅದನ್ನು ತಾವೇ ಎರಡು ಕೈಯಲ್ಲಿ ಹಿಡಿದು ಶೆಡ್ಡಿನೊಳಕ್ಕೆ ನಡೆಸಿಕೊಂಡು ಹೋದರು.

"ಸಾರ್, ಎಲ್ಲಿಗೆ?"

"ಈ ಸ್ಥಿತೀಲಿ ಇದನ್ನ ನಿಮ್ಮ ಜೊತೆ ಕಳಿಸೋಕೆ ಮನಸು ಬರ್ತಾ ಇಲ್ಲ. ಗುರುವಾರ ಬಂದು ನೋಡ್ಕೊಂಡು ಹೋಗಿ."

ಶೆಡ್ಡಿನ ಬಾಗಿಲು ಎಣ್ಣೆ ಹಾಕಿದ ಕೀಲಿನ ಮೇಲೆ ಸದ್ದಿಲ್ಲದೆ ಮುಚ್ಚಿಕೊಂಡಿತು. ಕಾರು ತರಲು ಹೋದವನು ಕಾಲುನಡಿಗೆಯಲ್ಲಿ ಮನೆಗೆ ಹೊರಟ.

ಹೆಂಡತಿ ಜಗುಲಿಯ ಮೇಲೆ ಕಾಲು ನೀಡಿ ಕೂತಿದ್ದಳು. ಕೂದಲು ಗಾಳಿಗೆ ಕೆದರಿತ್ತು. ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಒಂದು ಕಳೆ.

"ಬಂದ್ರಾ," ಎಂದಳು. "ಕೆರೆಗೆ ಹೋಗಿದ್ದೆ ರೀ."

"ಯಾರ ಜೊತೆ?"

"ನಿಮ್ಮ ಇನ್ಸ್‌ಪೆಕ್ಟರು ಬಂದಿದ್ರಲ್ಲ. ಮಂಡಿ ನೋವು ಅಂದೆ. ಕಾರಲ್ಲಿ ಕೂತು ನೋಡಿ, ಹತ್ತೋಕೆ ಇಳಿಯೋಕೆ ಆಗುತ್ತಾ ಅಂತ ಕೂರಿಸ್ಕೊಂಡು ಹೋದ್ರು. ಏಜೆಂಟರೂ ಅವರ ಹೆಂಡತೀನೂ ಹಿಂದೆ ಕೂತ್ರು. ನಾನು ಮುಂದೆ. ನೀರು ತುಂಬಿದೆ ರೀ ಈ ಸಲ. ಬಾತುಕೋಳಿ ಎಲ್ಲ ಬಂದಿವೆ. ಎಷ್ಟು ಹೊತ್ತು ಕೂತಿದ್ವೋ."

ಕರಡಪ್ಪ ಮೆಟ್ಟಿಲ ಮೇಲೆ ಅವಳ ಪಕ್ಕ ಕೂತ. "ಸ್ಕೂಟರ್ ವಿಷಯ ಏನಾದ್ರೂ ಕೇಳಿದ್ರಾ?"

"ಕೇಳಿದ್ರು. ಹೇಗೆ ನೋಡ್ಕೋತಾರೆ ಅಂತ. ಇದ್ದದ್ದು ಇದ್ದ ಹಾಗೆ ಹೇಳಿದೆ." ಅವಳು ಸೆರಗಿನ ತುದಿಯಿಂದ ಅವನ ಮೂಗಿನ ಮಸಿ ಒರೆಸಿದಳು. "ಅಷ್ಟು ಒಳ್ಳೆ ನೀರು ನೋಡ್ತಾ ಸುಳ್ಳು ಹೇಳೋಕೆ ಮನಸು ಬರಲಿಲ್ಲ ರೀ. ಯಾಕೆ, ಕಾರು ಕೊಡಲ್ಲ ಅಂದ್ರಾ?"

ಅವನು ಹೌದೆಂದು ತಲೆಯಾಡಿಸಿದ.

"ಹೋಗ್ಲಿ ಬಿಡಿ. ಗೋಡೆ ಹತ್ರ ಸ್ಕೂಟರೂ ಕಾಣಲ್ಲ. ಎಲ್ಲಿ ಬಿಟ್ಟು ಬಂದ್ರಿ?"

ಕರಡಪ್ಪ ಬೀದಿಯ ಕಡೆ ನೋಡುತ್ತ, "ಸರ್ವಿಸ್‌ಗೆ ಬಿಟ್ಟಿದ್ದೀನಿ," ಎಂದ.

ಮದುವೆಯಾದಂದಿನಿಂದ ಆ ಬಾಯಿಂದ ಅಂಥ ಮಾತು ಬಂದಿರಲಿಲ್ಲ. ಹೆಂಡತಿ ಅವನ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಕೈಚಾಚಿ, ಜ್ವರವೇನಾದರೂ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದಳು.